ನಾನು ಸತ್ತರೆ ಮನೆಯವರ ಗತಿ ಏನು?

ಸಾವಿಗೆ ಹೆದರೋನಲ್ಲ ನಾನು. ಈ ಮಾತನ್ನು ಸಿನಿಮಾದಲ್ಲಿ ಹೀರೋ ಹೇಳ್ತಾನೆ, ಚುನಾವಣೆ ವೇದಿಕೆ ಮೇಲೆ ನಾಯಕರು ಹೇಳ್ತಾರೆ. ನಾವು ಚಪ್ಪಾಳೆ ಹೊಡೀತೀವಿ. ಆದರೆ ನಿಜವಾಗಿಯೂ ಸಾವಿನ ಎದುರು ಹೋಗಿ ನಿಂತವರು ಈ ಡೈಲಾಗ್ ಹೊಡೆದಿದ್ದು ಕಡಿಮೆ. ಅವರಲ್ಲಿ ಸಾವಿರಾರು ಜನ ನಮ್ಮ ನಾಡಿನಲ್ಲೇ ಇದ್ದಾರೆ. ಊರ ಹೊರಗೆ, ಕೆರೆ ಏರಿ ಮೇಲೆ, ಹಳೇ ದೇವಸ್ಥಾನದ ಹಿಂದೆ ಕಲ್ಲಾಗಿ ನಿಂತಿದ್ದಾರೆ. ನಾವು ಅವರನ್ನ ವೀರಗಲ್ಲು ಅಂತ ಕರೀತೀವಿ. ಎಷ್ಟೋ ಕಡೆ ಅದರ ಮೇಲೆ ಬಟ್ಟೆನೂ ಒಗೀತೀವಿ.

ಇವರೆಲ್ಲ ಸಾವಿಗೆ ಹೆದರದವರಾ? ನನ್ನ ಪ್ರಕಾರ ಈ ಪ್ರಶ್ನೆಯೇ ಸರಿಯಿಲ್ಲ. ಹೆದರಿಕೆ ಎಲ್ಲರಿಗೂ ಇದ್ದೇ ಇರುತ್ತೆ. ಹೆದರಿಕೆ ಇದ್ದರೂ ಅವರು ಮುಂದೆ ಹೆಜ್ಜೆ ಇಟ್ಟರಲ್ಲ, ಯಾಕೆ ಅಂತ ಕೇಳಬೇಕು. ಅದಕ್ಕೆ ಉತ್ತರ ಹುಡುಕೋಕೆ ಹಿಮಾಲಯಕ್ಕೆ ಹೋಗೋದು ಬೇಡ, ಬೆಂಗಳೂರಿನ ಬೇಗೂರು ಸಾಕು.

ಇವತ್ತು ಬೇಗೂರು ಅಂದರೆ ಅಪಾರ್ಟ್‌ಮೆಂಟು, ಟ್ರಾಫಿಕ್ಕು. ಒಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಅದು ಗಂಗರ ಆಡಳಿತಕ್ಕೆ ಸೇರಿದ್ದ ಬೆಂಪೂರು. ಅಲ್ಲಿನ ಪಂಚಲಿಂಗೇಶ್ವರ ದೇವಸ್ಥಾನದಲ್ಲಿರೋ ಒಂದು ಕಲ್ಲು ಸುಮಾರು 890ರದ್ದು. 'ಬೆಂಗಳೂರು' ಅನ್ನೋ ಹೆಸರು ಸಿಗೋ ತುಂಬಾ ಹಳೆಯ ದಾಖಲೆ ಅದು. ಅದು ಏನು ಹೇಳುತ್ತೆ ಗೊತ್ತಾ? ಬೆಂಗಳೂರು ಕಾಳಗದಲ್ಲಿ ಒಬ್ಬ ಸತ್ತ ಅಂತ. ನಮ್ಮ ರಾಜಧಾನಿಯ ಹೆಸರು ಇತಿಹಾಸಕ್ಕೆ ಬಂದಿದ್ದೇ ಒಂದು ಸಾವಿನ ಸುದ್ದಿಯ ಜೊತೆಗೆ!

ಅದೇ ಬೇಗೂರಿನ ಇನ್ನೊಂದು ವೀರಗಲ್ಲು ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆನೆ, ಕುದುರೆ, ಬಿಲ್ಲು, ಕತ್ತಿ, ಬಿದ್ದ ಹೆಣಗಳು, ಎಲ್ಲವೂ ಒಂದೇ ಕಲ್ಲಿನಲ್ಲಿ. ಗಂಗರ ಎರೆಯಪ್ಪನ ಕಡೆಯ ನಾಗತ್ತರ ಎಂಬ ವೀರ ತುಂಬೆಪಾಡಿ ಎಂಬಲ್ಲಿ ವೀರಮಹೇಂದ್ರನ ಸೈನ್ಯದ ವಿರುದ್ಧ ಕಾದಾಡಿ ಸತ್ತ ಅನ್ನೋದು ಅದರಲ್ಲಿರೋ ವಿಷಯ. ಕಲ್ಲು ಅಷ್ಟಕ್ಕೇ ನಿಲ್ಲೋದಿಲ್ಲ. ಸುದ್ದಿ ಕೇಳಿದ ಎರೆಯಪ್ಪ ಇರುಗ ಎಂಬುವನಿಗೆ ನಾಗತ್ತರ ಪಟ್ಟ ಕಟ್ಟಿ, ಬೆಂಪೂರು ಹನ್ನೆರಡನ್ನು, ಅಂದರೆ ಹನ್ನೆರಡು ಹಳ್ಳಿಗಳನ್ನು, ಕಲ್ನಾಡಾಗಿ ಕೊಟ್ಟ. ಆ ಹಳ್ಳಿಗಳ ಹೆಸರುಗಳೂ ಅದೇ ಕಲ್ಲಿನ ಮೇಲಿವೆ. ಇದನ್ನು ನೀವು ಸ್ಮಾರಕ ಅಂತೀರೋ, ಕಂದಾಯ ಇಲಾಖೆಯ ಪತ್ರ ಅಂತೀರೋ? ನನಗೆ ಎರಡೂ ಅನ್ನಿಸುತ್ತೆ.

ಹಳಗನ್ನಡದಲ್ಲಿ ಇದಕ್ಕೆಂದೇ ಬೇರೆ ಬೇರೆ ಪದಗಳಿದ್ದವು. ವೀರನ ಹೆಸರಿನಲ್ಲಿ ಕೊಟ್ಟ ಜಮೀನು ಕಲ್ನಾಡು. ನೆತ್ತರು ಸುರಿಸಿದ್ದಕ್ಕೆ ಕೊಟ್ಟಿದ್ದು ನೆತ್ತರುಗೊಡಗಿ. ಗೆದ್ದು ಬಂದವನ ಕತ್ತಿ ತೊಳೆದು ಕೊಟ್ಟಿದ್ದು ಬಾಳ್ಗಳ್ಚು. ಬಾಳು ಅಂದರೆ ಕತ್ತಿ, ಕಳ್ಚು ಅಂದರೆ ತೊಳಿ. ಕನ್ನಡದ ಮೊದಲ ಶಾಸನ ಅಂತ ಶಾಲೆಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ಹಲ್ಮಿಡಿ ಶಾಸನ ಇದೆಯಲ್ಲ, ಸುಮಾರು 450ರದ್ದು, ಅದರಲ್ಲೂ ಈ ಬಾಳ್ಗಳ್ಚು ಇದೆ. ಯುದ್ಧದಲ್ಲಿ ಪರಾಕ್ರಮ ತೋರಿದವನಿಗೆ ಹಳ್ಳಿ ಕೊಟ್ಟ ದಾಖಲೆ ಅದು. ಪರೀಕ್ಷೆಯಲ್ಲಿ ಇಸವಿ ಬರೆದು ಒಂದು ಅಂಕ ತಗೊಂಡ್ವಿ, ಒಳಗೆ ಏನಿದೆ ಅಂತ ಯಾರೂ ಕೇಳಲಿಲ್ಲ.

ಈಗ ಆ ಕಾಲದ ಒಂದು ಹಳ್ಳಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಕತ್ತಲಾಗಿದೆ. ಪಕ್ಕದ ಸೀಮೆಯವರು ನುಗ್ಗಿ ದನ ಹೊಡೆದುಕೊಂಡು ಹೋಗ್ತಿದ್ದಾರೆ. ಇದಕ್ಕೆ ತುರುಗೋಳ್ ಅಂತ ಹೆಸರು, ತುರು ಅಂದರೆ ದನ. ವೀರಗಲ್ಲುಗಳಲ್ಲಿ ತುಂಬಾ ಸಲ ಕಾಣೋ ಕಾರಣ ಇದೇ. ಊರು ಹಾಳಾಗುವಾಗ ಹೋರಾಡಿದವರು, ಹೆಣ್ಣುಮಕ್ಕಳ ಮಾನ ಕಾಯೋಕೆ ಹೋದವರು, ಹುಲಿ ಹಂದಿ ಜೊತೆ ಸೆಣಸಿದವರು, ಇವರೂ ಇದ್ದಾರೆ. ಆದರೆ ದನವೇ ಮುಖ್ಯ. ಯಾಕಂದ್ರೆ ಉಳುಮೆಗೆ, ಗೊಬ್ಬರಕ್ಕೆ, ಹಾಲಿಗೆ, ಗಾಡಿಗೆ ಎಲ್ಲಕ್ಕೂ ಅದೇ. ದನ ಹೋದರೆ ಊರಿನ ಬ್ಯಾಂಕ್ ಖಾತೆಯೇ ಖಾಲಿ ಆದ ಹಾಗೆ.

ಆ ರಾತ್ರಿ ಕತ್ತಿ ಹಿಡಿದು ಎದ್ದವನ ಮನಸ್ಸಿನಲ್ಲಿ ಏನು ಓಡಿರಬಹುದು? ನೋವಾಗುತ್ತೆ ಅನ್ನೋ ಭಯ ಇದ್ದೇ ಇರುತ್ತೆ. ಅದಕ್ಕಿಂತ ದೊಡ್ಡ ಭಯ, ಮನೆಯ ಕಂಬ ಬಿದ್ದರೆ ಸೂರಿನ ಗತಿ ಏನು ಅನ್ನೋದು. ಇಂಜಿನಿಯರಿಂಗ್ ಕ್ಲಾಸಿನಲ್ಲಿ ನಮಗೆ ಒಂದು ಪಾಠ ಹೇಳಿಕೊಡ್ತಾರೆ. ಕಟ್ಟಡದ ಒಂದು ಕಂಬ ಕುಸಿದರೆ ಅದು ಹೊತ್ತಿದ್ದ ಭಾರ ಮಾಯ ಆಗಲ್ಲ, ಪಕ್ಕದ ಕಂಬಗಳ ಮೇಲೆ ಬೀಳುತ್ತೆ. ಅವು ತಡೆಯೋ ಹಾಗೆ ಮೊದಲೇ ಲೆಕ್ಕ ಹಾಕಿದ್ದರೆ ಕಟ್ಟಡ ನಿಲ್ಲುತ್ತೆ, ಇಲ್ಲ ಅಂದ್ರೆ ಪೂರ್ತಿ ಕೆಳಗೆ. ನೆತ್ತರುಗೊಡಗಿ ಅಂದರೆ ಊರು ಮೊದಲೇ ಹಾಕಿಟ್ಟ ಲೆಕ್ಕ. ನೀನು ಬಿದ್ದರೆ ನಿನ್ನ ಭಾರ ನಾವು ಹೊರ್ತೀವಿ ಅನ್ನೋ ಮಾತು. ಸೂರ್ಯ ಚಂದ್ರ ಇರೋವರೆಗೂ ಈ ದಾನ ನಡೀಬೇಕು, ಕೆಡಿಸಿದವನಿಗೆ ವಾರಣಾಸಿಯಲ್ಲಿ ಹಸು ಕೊಂದ ಪಾಪ ಬರಲಿ ಅಂತ ಶಾಸನಗಳಲ್ಲಿ ಶಾಪ ಹಾಕಿರೋದು ಸುಮ್ಮನೆ ಅಲ್ಲ. ಪೊಲೀಸ್ ಸ್ಟೇಷನ್ ಇಲ್ಲದ ಕಾಲಕ್ಕೆ ಆ ಶಾಪವೇ ಪೊಲೀಸ್.

'ಅದೆಲ್ಲ ಹೊಟ್ಟೆಪಾಡಿನ ಲೆಕ್ಕ, ಹೆಸರಿನ ಆಸೆ, ಸ್ವರ್ಗದ ಆಸೆ ಇರಲಿಲ್ವಾ' ಅಂತ ನೀವು ಕೇಳಬಹುದು. ಖಂಡಿತ ಇತ್ತು. ಸಾಮಾನ್ಯವಾಗಿ ವೀರಗಲ್ಲಿಗೆ ಮೂರು ಪಟ್ಟಿಕೆ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಮೇಲಕ್ಕೆ ಕರೆದೊಯ್ಯೋ ದೃಶ್ಯ, ಮೇಲೆ ಶಿವಲಿಂಗದ ಮುಂದೆ ಕೂತ ವೀರ. ಅರ್ನೆಸ್ಟ್ ಬೆಕರ್ ಎಂಬ ಅಮೆರಿಕದ ಚಿಂತಕ 1973ರಲ್ಲಿ 'ದಿ ಡಿನೈಯಲ್ ಆಫ್ ಡೆತ್' ಅನ್ನೋ ಪುಸ್ತಕ ಬರೆದರು. ಸಾವಿನ ಭಯವನ್ನು ಮೀರೋಕೇ ಮನುಷ್ಯ ಹೀರೋ ಆಗೋಕೆ ಹೊರಡ್ತಾನೆ, ತನಗಿಂತ ಹೆಚ್ಚು ಕಾಲ ಬಾಳೋದನ್ನ ಕಟ್ಟೋಕೆ ನೋಡ್ತಾನೆ ಅನ್ನೋದು ಅವರ ವಾದ. 1974ರಲ್ಲಿ ಆ ಪುಸ್ತಕಕ್ಕೆ ಪುಲಿಟ್ಜರ್ ಬಂತು, ಅಷ್ಟರಲ್ಲಿ ಬೆಕರ್ ತೀರಿಕೊಂಡು ಎರಡು ತಿಂಗಳಾಗಿತ್ತು.

ಬೆಕರ್ ಮಾತು ನಮ್ಮ ಕಲ್ಲುಗಳಿಗೆ ಸುಮಾರಾಗಿ ಹೊಂದುತ್ತೆ, ಪೂರ್ತಿ ಅಲ್ಲ. ಯಾಕಂದ್ರೆ ಎಷ್ಟೋ ವೀರಗಲ್ಲುಗಳ ಮೇಲೆ ಒಂದಕ್ಷರವೂ ಇಲ್ಲ. ಚಿತ್ರ ಇದೆ, ಹೆಸರಿಲ್ಲ. ಸಾವಿರ ವರ್ಷ ಆದಮೇಲೆ ನಾವು ಓದಲಿ ಅಂತ ಅವರು ನಿಲ್ಲಿಸಿದ್ದಲ್ಲ. ಆ ಊರಿನವರಿಗೆ ಗೊತ್ತಿದ್ದರೆ ಸಾಕಾಗಿತ್ತು. ಇದು ಇಂಥವನ ಕಲ್ಲು, ಇದು ಅವನ ಮನೆಯವರ ಗದ್ದೆ, ಅಷ್ಟೇ.

ಇನ್ನು ಮಂಡ್ಯ ಜಿಲ್ಲೆಯ ಆತಕೂರಿನ ಕತೆ. 949ರಲ್ಲಿ ತಕ್ಕೋಲದ ಯುದ್ಧ ನಡೀತು. ರಾಷ್ಟ್ರಕೂಟರ ಮೂರನೇ ಕೃಷ್ಣನ ಪರವಾಗಿ ಗಂಗರ ಬೂತುಗ ಚೋಳರ ರಾಜಾದಿತ್ಯನನ್ನು ಕೊಂದ. ಆ ಯುದ್ಧದಲ್ಲಿ ಬೂತುಗನ ಪರ ಕಾದಿದವನು ಮಣಲೇರ. ಮೆಚ್ಚಿದ ಬೂತುಗ ಏನು ಬೇಕು ಕೇಳು ಅಂದಾಗ ಮಣಲೇರ ಕೇಳಿದ್ದು ದೊರೆಯ ನಾಯಿಯನ್ನ! ಕಾಳಿ ಅಂತ ಅದರ ಹೆಸರು. ಆ ಕಾಳಿ ಮುಂದೆ ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿದರು, ಜಮೀನು ಬಿಟ್ಟರು, ಪೂಜೆಗೆ ಒಬ್ಬ ಗೊರವನನ್ನು ನೇಮಿಸಿದರು. ಕಲ್ಲಿಗೆ ಪೂಜೆ ಮಾಡದೆ ಅವನು ಊಟ ಮಾಡಿದರೆ ಪಾಪ ಅಂತಲೂ ಬರೆಸಿದರು. ಆ ಕಲ್ಲೂ ಇವತ್ತು ಬೆಂಗಳೂರಿನ ಅದೇ ವಸ್ತುಸಂಗ್ರಹಾಲಯದಲ್ಲಿದೆ. ಜೀವ ಕೊಟ್ಟಿದ್ದು ನಾಯಿಯಾದರೂ ಋಣ ಋಣವೇ ಅಂದುಕೊಂಡ ಕಾಲ ಅದು.

ಇಲ್ಲಿಗೇ ನಿಲ್ಲಿಸಿದರೆ ನಾನು ನಿಮಗೆ ಅರ್ಧ ಕತೆ ಹೇಳಿದ ಹಾಗೆ. ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಪಕ್ಕ ಒಂದು ಕಂಬ ಇದೆ. ಪ್ರವಾಸಿಗರು ಶಿಲ್ಪ ನೋಡೋ ಗಡಿಬಿಡಿಯಲ್ಲಿ ದಾಟಿ ಹೋಗ್ತಾರೆ. ಹತ್ತಿರ ಹೋಗಿ ನೋಡಿ. ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುತ್ತಿರೋ ಗಂಡಸರ ಚಿತ್ರಗಳು. ಇಮ್ಮಡಿ ವೀರಬಲ್ಲಾಳ ಸುಮಾರು 1220ರಲ್ಲಿ ತೀರಿಕೊಂಡಾಗ ಅವನ ದಂಡನಾಯಕ ಕುವರಲಕ್ಷ್ಮ, ಹೆಂಡತಿ ಸುಗ್ಗಲದೇವಿ ಮತ್ತು ತನ್ನ ಸಾವಿರ ವೀರರ ಜೊತೆ ಪ್ರಾಣ ಕೊಟ್ಟ ಅನ್ನೋದಕ್ಕೆ ಇರೋ ಗರುಡಗಂಬ ಅದು. ಒಡೆಯನ ಜೊತೆಗೇ ಸಾಯ್ತೀನಿ ಅಂತ ಪ್ರತಿಜ್ಞೆ ಮಾಡಿದವರನ್ನು ಗರುಡರು ಅಂತಿದ್ದರು. ಇಲ್ಲಿ ಕಾಪಾಡಬೇಕಾದ ದನ ಇರಲಿಲ್ಲ, ಊರಿಗೆ ಬೆಂಕಿ ಬಿದ್ದಿರಲಿಲ್ಲ. ಆದರೂ ಸತ್ತರು. ಊರು ಕೊಡೋ ಗೌರವ ಧೈರ್ಯ ತುಂಬುತ್ತೆ, ನಿಜ. ಅದೇ ಗೌರವ ಬೆಳೀತಾ ಬೆಳೀತಾ, ಸಾಯದೆ ಉಳಿದರೆ ಅವಮಾನ ಅನ್ನೋ ಮಟ್ಟಕ್ಕೂ ಹೋಗುತ್ತೆ.

ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನ ಶಾಸನ ಇನ್ನೂ ಕಾಡುತ್ತೆ. ಇಸವಿ 1057. ದೇಕಬ್ಬೆಯ ಗಂಡ ಏಚ ಕುಸ್ತಿಯಲ್ಲಿ ದಾಯಾದಿಯನ್ನು ಕೊಂದ ಅಂತ ತಲಕಾಡಿನಲ್ಲಿ ಅವನಿಗೆ ಮರಣದಂಡನೆ ಆಯ್ತು. ಸುದ್ದಿ ಕೇಳಿದ ದೇಕಬ್ಬೆ ಬೆಂಕಿಗೆ ಬಿದ್ದಳು. ಬೇಡ ಮಗಳೇ ಅಂತ ಅಪ್ಪ ಅಮ್ಮ ತಡೆದರು ಅನ್ನೋದನ್ನೂ ಆ ಶಾಸನ ದಾಖಲಿಸಿದೆ. ಅವಳ ಧೈರ್ಯವನ್ನು ಹೊಗಳೋ ಕಲ್ಲಿನ ಮೇಲೆಯೇ ಹೆತ್ತವರ ಸಂಕಟವೂ ಕೂತಿದೆ. ಕಲ್ಲು ನಿಲ್ಲಿಸೋದು ಯಾವತ್ತೂ ಉಳಿದವರು. ಹಾಗಾಗಿ 'ಹೆದರಲಿಲ್ಲ' ಅನ್ನೋದು ಉಳಿದವರ ಮಾತು. ಸತ್ತವರನ್ನು ಕೇಳಿ ಬರೆದ ಕಲ್ಲು ಒಂದೂ ಇಲ್ಲ.

ಈ ಎರಡನ್ನೂ ಇಟ್ಟುಕೊಂಡು ಇವತ್ತಿನ ಸುದ್ದಿಗೆ ಬನ್ನಿ. ಮ್ಯಾನ್‌ಹೋಲ್‌ಗೆ ಇಳಿದ ಕಾರ್ಮಿಕ ಸಾವು. ಸ್ಟುಡಿಯೋದಲ್ಲಿ ಕೂತು ಈ ಸಾಲನ್ನು ಎಷ್ಟು ಸಲ ಓದಿದ್ದೀನೋ ಲೆಕ್ಕ ಇಟ್ಟಿಲ್ಲ. ಒಳಗೆ ವಿಷಾನಿಲ ಇರುತ್ತೆ ಅಂತ ಅವರಿಗೆ ಗೊತ್ತಿರಲ್ವಾ? ಗೊತ್ತಿರುತ್ತೆ. ಒಬ್ಬ ಎಚ್ಚರ ತಪ್ಪಿದರೆ ಕಾಪಾಡೋಕೆ ಇನ್ನೊಬ್ಬ ಇಳೀತಾನೆ, ಅವನೂ ವಾಪಸ್ ಬರಲ್ಲ. ಇವರನ್ನು ಸಾವಿಗೆ ಹೆದರದವರು ಅಂತ ಕರೆದರೆ ಅದು ಹೊಗಳಿಕೆ ಅಲ್ಲ, ಕ್ರೌರ್ಯ. ಅವರಿಗೆ ಮ್ಯಾನ್‌ಹೋಲ್‌ಗಿಂತ ದೊಡ್ಡ ಭಯ ಮನೆಯಲ್ಲಿ ಕೂತಿರುತ್ತೆ. ಸಂಜೆಯ ಅಡುಗೆಯ ಭಯ, ತಿಂಗಳ ಬಾಡಿಗೆಯ ಭಯ.

ಕಾನೂನು ಇದೆ. ಮನುಷ್ಯರಿಂದ ಮಲ ಎತ್ತಿಸೋದನ್ನು ನಿಷೇಧಿಸಿ 2013ರಲ್ಲಿ ಕಾಯ್ದೆ ಬಂತು. 1993ರಿಂದ ಈಚೆಗೆ ಒಳಚರಂಡಿಯಲ್ಲಿ ಸತ್ತವರ ಕುಟುಂಬಗಳನ್ನು ಗುರುತಿಸಿ ತಲಾ 10 ಲಕ್ಷ ಕೊಡಿ ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2023ರ ಅಕ್ಟೋಬರ್‌ನಲ್ಲಿ ಆ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು. ನಮ್ಮ ಕಾಲದ ನೆತ್ತರುಗೊಡಗಿ ಅಂದರೆ ಇದೇ. ಆದರೆ ಸಾವಿರ ವರ್ಷದ ಹಿಂದೆ ಕೊಟ್ಟ ಜಮೀನಿನ ವಿವರವನ್ನು ಎಲ್ಲರಿಗೂ ಕಾಣೋ ಹಾಗೆ ಕಲ್ಲಿನ ಮೇಲೆ ಕೆತ್ತಿಸುತ್ತಿದ್ದರು. ಇವತ್ತು ಸತ್ತವನ ಹೆಂಡತಿ ಅವನು ನಮ್ಮ ಕೆಲಸಕ್ಕೇ ಇಳಿದಿದ್ದ ಅಂತ ಸಾಬೀತು ಮಾಡೋಕೆ ಕಚೇರಿಯಿಂದ ಕಚೇರಿಗೆ ಅಲೆಯೋ ಪರಿಸ್ಥಿತಿ ಬರಬಾರದು. ಇನ್ನೊಂದು ಮಾತು, ಇದು ಅದಕ್ಕಿಂತ ದೊಡ್ಡದು. ದನ ಬಿಡಿಸೋಕೆ ಯಾರಾದರೂ ಹೋಗಲೇಬೇಕಿತ್ತು. ಮ್ಯಾನ್‌ಹೋಲ್‌ಗೆ ಇವತ್ತು ಮನುಷ್ಯ ಇಳಿಯೋ ಅಗತ್ಯವೇ ಇಲ್ಲ, ಯಂತ್ರ ಇದೆ. ಯಂತ್ರ ಇದ್ದೂ ಮನುಷ್ಯನನ್ನ ಇಳಿಸಿ, ಆಮೇಲೆ ಪರಿಹಾರ ಕೊಟ್ಟು, ಅವನ ಧೈರ್ಯ ಹೊಗಳಿದರೆ ನಾವು ಬೇಗೂರಿನವರ ಸಾಲಿಗೆ ಸೇರಲ್ಲ. ಕಾರಣವೇ ಇಲ್ಲದೆ ತಲೆ ಕೇಳಿದವರ ಸಾಲಿಗೆ ಸೇರ್ತೀವಿ.

ನಿಮ್ಮೂರಿನ ಕೆರೆ ಏರಿ ಮೇಲೆ ವೀರಗಲ್ಲು ಇದ್ದರೆ ಈ ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ. ಮಣ್ಣು ಒರೆಸಿ, ಮೂರು ಪಟ್ಟಿಕೆ ತೋರಿಸಿ. ಇವನಿಗೆ ಭಯ ಆಗಲಿಲ್ವಾ ಅಂತ ಮಗು ಕೇಳಿಯೇ ಕೇಳುತ್ತೆ. ಆಗಿರುತ್ತೆ ಪುಟ್ಟಾ ಅನ್ನಿ. ಅವನ ಮನೆಯವರನ್ನ ಊರು ನೋಡಿಕೊಳ್ತು ಅನ್ನೋದನ್ನೂ ಸೇರಿಸಿ ಹೇಳಿ.