ದಕ್ಷಿಣದೊಳಗಿನ ಉತ್ತರ

ಎಲೆಕ್ಷನ್ ಬಂದಾಗ ಬೆಂಗಳೂರಿನ ಆಫೀಸಿನಲ್ಲಿ "ನಿಮ್ಮದು ಯಾವ ಕ್ಷೇತ್ರ?" ಅಂತ ಕೇಳ್ತಾರೆ. ಬ್ರಹ್ಮಾವರದವನಿಗೆ ಉತ್ತರ ಅಷ್ಟು ಸುಲಭ ಇಲ್ಲ ಮಾರಾಯ್ರೆ.

1862ರಲ್ಲಿ ಬ್ರಿಟಿಷರು ಉತ್ತರ ಕೆನರಾವನ್ನು ಬೊಂಬಾಯಿಗೆ ಕೊಟ್ಟರು, ನಾವು ಮದ್ರಾಸಿನಲ್ಲೇ ಉಳಿದೆವು. ಸ್ವಾತಂತ್ರ್ಯ ಬಂದರೂ ಆ ಗೆರೆ ಅಳಿಯಲಿಲ್ಲ. ಮೊದಲ ಲೋಕಸಭೆಗೆ ಯು. ಶ್ರೀನಿವಾಸ ಮಲ್ಯರು ಗೆದ್ದ ನಮ್ಮ ಕ್ಷೇತ್ರದ ಹೆಸರು 'ಸೌತ್ ಕೆನರಾ ನಾರ್ತ್'. ದಕ್ಷಿಣದ ಉತ್ತರ! ಫೋಲ್ಡರಿನೊಳಗೆ ಫೋಲ್ಡರ್ ಮಾಡುವ ನಮ್ಮಂಥವರೇ ಇಟ್ಟ ಹೆಸರಿರಬೇಕು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದೆವು. ಮರುವರ್ಷದ ಚುನಾವಣೆಗೆ ಅದು 'ಉಡುಪಿ' ಆಯ್ತು.

2008ರ ಪುನರ್ವಿಂಗಡಣೆಯಲ್ಲಿ ಉಡುಪಿ ಘಟ್ಟ ಹತ್ತಿ ಚಿಕ್ಕಮಗಳೂರಿನ ಜೊತೆ ಸೇರಿತು, ಬೈಂದೂರು ಶಿವಮೊಗ್ಗಕ್ಕೆ ಹೋಯ್ತು. ಮಲ್ಪೆಯ ಮೀನುಗಾರನಿಗೂ ಕಾಫಿ ತೋಟದವನಿಗೂ ಈಗ ಒಬ್ಬರೇ ಸಂಸದರು. ನನಗೆ ಹೊಟ್ಟೆ ಉರಿದದ್ದು ಮಾತ್ರ ಬೇರೆಯದಕ್ಕೆ: ಬ್ರಹ್ಮಾವರ ಎಂಬ ವಿಧಾನಸಭಾ ಕ್ಷೇತ್ರವೇ ಮಾಯವಾಯಿತು. ಜಯಪ್ರಕಾಶ್ ಹೆಗ್ಡೆಯವರನ್ನು 1999, 2004 ಎರಡು ಸಲವೂ ಪಕ್ಷೇತರರಾಗಿ ಗೆಲ್ಲಿಸಿದ ಹಠದ ಕ್ಷೇತ್ರ ಅದು. ಈಗ ಬ್ರಹ್ಮಾವರ ಪೇಟೆಯವರ ವೋಟು ಉಡುಪಿಗೆ, ಕೋಟದವರದ್ದು ಕುಂದಾಪುರಕ್ಕೆ.

ಆಮೇಲೆ ನಮ್ಮೂರು ತಾಲೂಕಾಯಿತು. ತಹಶೀಲ್ದಾರರು ಬಂದರು. ಆದ್ರೆ ತಾಲೂಕಿನ ಕೆಲಸ ಕೇಳೋದಕ್ಕೆ ಒಬ್ಬ ಶಾಸಕರ ಮನೆ ಸಾಕಾಗೋದಿಲ್ಲ.