ಗಿರಣಿಯ ಗಡಿಯಾರ

ಗಿರಣಿಗಳ ಹೆಂಗಸರಿಗೂ ಎಳೆಯರಿಗೂ ದಿನಕ್ಕೆ 10 ಗಂಟೆಯ ಮಿತಿಯನ್ನು ಇಂಗ್ಲೆಂಡು ವಿಧಿಸಿದ್ದು 1847ರ ಕಾಯಿದೆಯಿಂದ. ಮುಂಬಯಿಯ ಗಿರಣಿಗಳಿಗೆ ಮುಂದೆಯೂ ಬಹುಕಾಲ ಸೂರ್ಯನೇ ಗಡಿಯಾರ. 1881ರ ಕಾಯಿದೆ ಏಳು ವರ್ಷದ ಮಗುವಿಗೂ 9 ಗಂಟೆಯ ದುಡಿಮೆಯನ್ನು ಒಪ್ಪಿತು. ವಯಸ್ಕರ ವಿಷಯದಲ್ಲಿ ಮೌನ. ಇಂಥ ಕಾಯಿದೆ ಬೇಕೆಂದು ಗಟ್ಟಿಯಾಗಿ ಕೂಗಿದವರು ಮ್ಯಾಂಚೆಸ್ಟರಿನ ಮಾಲೀಕರು! ಕರುಣೆಗಿಂತ ಅಗ್ಗದ ಕೂಲಿಯ ಪೈಪೋಟಿಯ ಭಯವೇ ಹೆಚ್ಚೆಂದು ನನ್ನ ಎಣಿಕೆ. ಆ ಸ್ವಾರ್ಥದಿಂದಲೂ ಮಕ್ಕಳಿಗೆ ತುಸು ಬಿಡುವು ದೊರೆತದ್ದನ್ನು ಅಲ್ಲಗಳೆಯಲಾರೆ.

ಕೂಲಿಯ ಹೋಲಿಕೆ ಇನ್ನೂ ತೊಡಕಿನದು. ಲ್ಯಾಂಕಾಷೈರಿನ ನೇಕಾರ ಸಾಮಾನ್ಯವಾಗಿ ನಾಲ್ಕು ಮಗ್ಗ ನೋಡಿಕೊಂಡರೆ ಮುಂಬಯಿಯವನು ಎರಡು. ಮಗ್ಗ ಕಡಿಮೆಯೆಂದು ಕೂಲಿ ಕಡಿಮೆಯೋ, ಕೂಲಿ ಕಡಿಮೆಯೆಂದು ಮಗ್ಗ ಕಡಿಮೆಯೋ?

1905ರ ಸುಮಾರಿಗೆ ವಿದ್ಯುದ್ದೀಪ ಬಂದು ಸೂರ್ಯನ ಹಂಗೂ ತಪ್ಪಿತು. ದುಡಿಮೆ 14-15 ಗಂಟೆಗೇರಿತು. ಲ್ಯಾಂಕಾಷೈರು 1919ರಲ್ಲಿ ಕಂಡ ವಾರಕ್ಕೆ 48 ಗಂಟೆ ನಮ್ಮಲ್ಲಿ ಕಾಯಿದೆಯಾದದ್ದು 1946ರಲ್ಲಿ.