ಹಿಂದಿಯಿಂದ ಇಂಗ್ಲಿಷಿಗೆ: ಒಂದು ಭಾಷಾಂತರದ ಚರಿತ್ರೆ

ಹಿಂದಿಯ ಒಂದು ಚಿಕ್ಕ ವಾಕ್ಯವನ್ನು ತೆಗೆದುಕೊಳ್ಳಿ: 'ಮೈಂ ಕಲ್ ದಿಲ್ಲೀ ಗಯಾ ಥಾ.' ಹಿಂದಿ ಪ್ರಚಾರ ಸಭೆಯ ಪ್ರಾಥಮಿಕ ಪರೀಕ್ಷೆಗೆ ಕುಳಿತವರಿಗೂ ಇದರಲ್ಲಿ ತಿಳಿಯದ ಪದ ಒಂದೂ ಇಲ್ಲ. ಆದರೆ ಇದನ್ನು ಇಂಗ್ಲಿಷಿಗೆ ತಿರುಗಿಸಿರೆಂದರೆ ಬಹುಮಂದಿ 'ಐ ಹ್ಯಾಡ್ ಗಾನ್ ಟು ಡೆಲ್ಲಿ ಯೆಸ್ಟರ್ಡೇ' ಎಂದು ಬರೆಯುತ್ತಾರೆ. ಪದಕ್ಕೆ ಪದ ಸರಿಯಾಗಿಯೇ ಇದೆ. ವಾಕ್ಯ ಮಾತ್ರ ತಪ್ಪು. ಅಲ್ಲಿ ಬೇಕಾದುದು 'ಐ ವೆಂಟ್'. ಈ ತಪ್ಪು ಒಬ್ಬಿಬ್ಬ ವಿದ್ಯಾರ್ಥಿಗಳ ಅಲಕ್ಷ್ಯದಿಂದ ಹುಟ್ಟಿದುದಲ್ಲ. ಅದರ ಹಿಂದೆ ಇನ್ನೂರು ವರ್ಷಗಳಿಗೂ ಮೀರಿದ ಚರಿತ್ರೆಯುಂಟು. ಆ ಚರಿತ್ರೆಯ ಮೊದಲ ಪುಟದಲ್ಲಿಯೇ ನಮ್ಮ ಶ್ರೀರಂಗಪಟ್ಟಣದ ಹೆಸರಿದೆಯೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು.

1799ನೆಯ ಇಸವಿ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದಿತು. ಟಿಪ್ಪು ಸುಲ್ತಾನನು ಮಡಿದನು. ಮರುವರ್ಷ ಗವರ್ನರ್ ಜನರಲ್ ವೆಲ್ಲೆಸ್ಲಿಯು ಕಂಪನಿಯ ಎಳೆಯ ಅಧಿಕಾರಿಗಳಿಗೆ ದೇಶಭಾಷೆಗಳನ್ನು ಕಲಿಸಲೆಂದು ಕಲ್ಕತ್ತೆಯಲ್ಲಿ ಫೋರ್ಟ್ ವಿಲಿಯಂ ಕಾಲೇಜನ್ನು ಸ್ಥಾಪಿಸಿದನು. ಅದರ ಕಾಯಿದೆ ಅಂಗೀಕಾರವಾದುದು 1800ರ ಜುಲೈ 10ರಂದು. ಆದರೆ ಶ್ರೀರಂಗಪಟ್ಟಣದ ವಿಜಯದ ವಾರ್ಷಿಕ ದಿನವೇ ಕಾಲೇಜಿನ ಜನ್ಮದಿನವಾಗಬೇಕೆಂದು, ಅವನು ಕಾಯಿದೆಗೆ ಮೇ 4ರ ತಾರೀಖನ್ನೇ ಹಾಕಿಸಿದನು. ಟಿಪ್ಪುವಿನ ಪುಸ್ತಕ ಭಂಡಾರದ ಹಸ್ತಪ್ರತಿಗಳಲ್ಲಿ ಹಲವು ಆ ಕಾಲೇಜಿನ ಕಪಾಟುಗಳನ್ನೇ ಸೇರಿದವು. ಹೀಗೆ ಕನ್ನಡ ನಾಡಿನ ಒಂದು ಸೋಲಿನ ದಿನ, ಹಿಂದಿಯನ್ನು ಇಂಗ್ಲಿಷಿನಲ್ಲಿ ಅರ್ಥಮಾಡಿಕೊಳ್ಳುವ ಮೊದಲ ದೊಡ್ಡ ಪಾಠಶಾಲೆಯ ಹುಟ್ಟುಹಬ್ಬವಾಯಿತು.

ಆ ಕಾಲೇಜಿನಲ್ಲಿ ಹಿಂದೂಸ್ತಾನಿಯ ಪ್ರಾಧ್ಯಾಪಕನಾದವನು ಜಾನ್ ಗಿಲ್‌ಕ್ರಿಸ್ಟ್. ಅವನು ಸ್ಕಾಟ್ಲೆಂಡಿನವನು, 1782ರಲ್ಲಿ ಮುಂಬಯಿಗೆ ಬಂದಿಳಿದ ವೈದ್ಯ. ಸೈನ್ಯದೊಡನೆ ಉತ್ತರಕ್ಕೆ ಸಾಗಿದಾಗ, ಕಚೇರಿಯ ಪಾರಸಿಯಿಂದ ಸಿಪಾಯಿಯ ಸಂಗಡ ಮಾತು ನಡೆಯುವುದಿಲ್ಲವೆಂಬುದು ಅವನಿಗೆ ಮನವರಿಕೆಯಾಯಿತು. ಜನದ ಬಾಯಲ್ಲಿದ್ದ ಮಾತನ್ನು ಕಲಿತು, 1786ರಿಂದ ನಿಘಂಟನ್ನೂ, 1796ರಲ್ಲಿ ವ್ಯಾಕರಣವನ್ನೂ ಪ್ರಕಟಿಸಿದನು. ಕಾಲೇಜಿನಲ್ಲಿ ಅವನ ಕೈಕೆಳಗೆ ಮುನ್ಶಿಗಳೂ ಪಂಡಿತರೂ ಇದ್ದರು. ಮೀರ್ ಅಮ್ಮನ್ 'ಬಾಗ್-ಒ-ಬಹಾರ್' ಬರೆದುದು ಅಲ್ಲಿಯೇ. ಭಾಗವತದ ದಶಮಸ್ಕಂಧದ ಕಥೆಯನ್ನು ಆಗ್ರಾದ ಲಲ್ಲೂ ಲಾಲನು 'ಪ್ರೇಮಸಾಗರ'ವೆಂಬ ಖಡೀ ಬೋಲಿಯ ಗದ್ಯಕ್ಕೆ ಇಳಿಸಿದುದೂ ಅಲ್ಲಿಯೇ. ಅದು ಪೂರ್ಣವಾಗಿ ಅಚ್ಚಾದುದು 1810ರಲ್ಲಿ. ಬಿಳಿಯ ಅಧಿಕಾರಿಗಳ ಪರೀಕ್ಷೆಗೆ ಪ್ರೇಮಸಾಗರ ದಶಕಗಟ್ಟಲೆ ಪಠ್ಯವಾಗಿತ್ತು. ಆದುದರಿಂದಲೇ ಅದನ್ನು 1851ರಲ್ಲಿ ಈಸ್ಟ್‌ವಿಕ್, 1897ರಲ್ಲಿ ಪಿಂಕಾಟ್ ಇಂಗ್ಲಿಷಿಗೆ ತಿರುಗಿಸಿದರು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಆ ಕಾಲದ ವಿದ್ಯಾರ್ಥಿ ಇಂಗ್ಲಿಷನ್ನು ತಾಯ ಮಡಿಲಲ್ಲಿ ಕಲಿತವನು. ಅವನಿಗೆ ಹೊಸದು ಹಿಂದಿ. ಹಿಂದಿಯ ಕ್ರಿಯಾರೂಪಗಳನ್ನು ನೆನಪಿಡಲೆಂದು ವ್ಯಾಕರಣಕಾರರು ಅವಕ್ಕೆ ಇಂಗ್ಲಿಷಿನ ಹೆಸರುಗಳನ್ನು ಅಂಟಿಸಿ ಕೋಷ್ಟಕ ಮಾಡಿಕೊಟ್ಟರು. 'ಗಯಾ' ಎಂದರೆ 'ವೆಂಟ್', 'ಗಯಾ ಹೈ' ಎಂದರೆ 'ಹ್ಯಾಸ್ ಗಾನ್', 'ಗಯಾ ಥಾ' ಎಂದರೆ 'ಹ್ಯಾಡ್ ಗಾನ್'. ಅಲಹಾಬಾದಿನಲ್ಲಿದ್ದ ಅಮೆರಿಕದ ಪಾದ್ರಿ ಕೆಲಾಗ್ 1876ರಲ್ಲಿ ಪ್ರಕಟಿಸಿದ ದೊಡ್ಡ ಹಿಂದಿ ವ್ಯಾಕರಣವೂ ಇಂಗ್ಲಿಷ್ ಬಲ್ಲವರಿಗಾಗಿಯೇ ಬರೆದುದು. ಕೋಷ್ಟಕದಲ್ಲಿ 'ಹ್ಯಾಡ್ ಗಾನ್' ಎಂದಿದ್ದರೂ ಇಂಗ್ಲಿಷಿನವನಿಗೆ ಅಪಾಯವಿರಲಿಲ್ಲ. ವಾಕ್ಯವನ್ನು ಬರೆಯುವಾಗ ಅವನ ಕಿವಿಯೇ ಅದನ್ನು ತಿದ್ದುತ್ತಿತ್ತು.

ಮುಂದೆ ಗಾಳಿ ತಿರುಗಿತು. 1835ರಲ್ಲಿ ಸರ್ಕಾರ ಇಂಗ್ಲಿಷ್ ವಿದ್ಯೆಯ ಪಕ್ಷವಹಿಸಿತು. 1854ರಲ್ಲಿ ಫೋರ್ಟ್ ವಿಲಿಯಂ ಕಾಲೇಜು ಮುಚ್ಚಿತು. 1857ರಲ್ಲಿ ಕಲ್ಕತ್ತೆ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಎದ್ದವು. ಇನ್ನು ಮೇಲೆ ಭಾಷಾಂತರ ಮಾಡಬೇಕಾದವನು ಬಿಳಿಯನಲ್ಲ, ನಮ್ಮವನು. ಕಲಿಯಬೇಕಾದುದು ಹಿಂದಿಯಲ್ಲ, ಇಂಗ್ಲಿಷು. ಆದರೆ ಕೋಷ್ಟಕ ಮಾತ್ರ ಹಳೆಯದೇ ಉಳಿಯಿತು. ಅದನ್ನು ಬಲದಿಂದ ಎಡಕ್ಕೆ ಓದತೊಡಗಿದೆವು, ಅಷ್ಟೆ. ಹಿಂದಿಯವರ ಸ್ವಂತ ವ್ಯಾಕರಣಗಳಲ್ಲಿ ಈ ರೂಪಗಳಿಗೆ ಸಾಮಾನ್ಯ ಭೂತ, ಆಸನ್ನ ಭೂತ, ಪೂರ್ಣ ಭೂತ ಎಂಬ ಅಂದವಾದ ಹೆಸರುಗಳಿವೆ. ಕಾಮತಾ ಪ್ರಸಾದ ಗುರು ಅವರ 1920ರ 'ಹಿಂದೀ ವ್ಯಾಕರಣ'ದಂಥ ಗ್ರಂಥವೂ ಬಂದಿತು. ಆದರೂ ಭಾಷಾಂತರದ ಪಾಠದಲ್ಲಿ ಪೂರ್ಣ ಭೂತಕ್ಕೆ ಎದುರಾಗಿ 'ಹ್ಯಾಡ್' ನಿಂತದ್ದು ನಿಂತೇ ಇತ್ತು. ಒಂದು ದಿಕ್ಕಿಗೆ ದಾರಿ ತೋರಿಸುವ ಕೈಮರ, ಎದುರು ದಿಕ್ಕಿನಿಂದ ಬಂದವನಿಗೂ ಹಾಗೆಯೇ ದಾರಿ ತೋರಿಸೀತೆಂದು ನಂಬಿದುದೇ ಈ ತಪ್ಪಿನ ಬೇರು ಎಂದು ನನಗೆ ತೋರುತ್ತದೆ.

ಹಾಗಾದರೆ ನಿಜವಾದ ವ್ಯತ್ಯಾಸವೇನು? ಹಿಂದಿಯ 'ಥಾ' ಎಂಬುದು, ಕೆಲಸ ಮುಗಿದು ಈಗಿನಿಂದ ದೂರವಾಯಿತು ಎಂದಷ್ಟೇ ಹೇಳಬಲ್ಲದು. ಇಂಗ್ಲಿಷಿನ 'ಹ್ಯಾಡ್' ಹಾಗಲ್ಲ. ಅದಕ್ಕೆ ಹಿಂದೆ ನಡೆದ ಇನ್ನೊಂದು ಸಂಗತಿಯ ಆಸರೆ ಬೇಕು. 'ಮೇರೇ ಪಹುಂಚನೇ ಸೇ ಪಹಲೇ ಗಾಡೀ ಜಾ ಚುಕೀ ಥೀ' ಎಂಬಲ್ಲಿ ನಾನು ತಲಪಿದ್ದು ಒಂದು, ಗಾಡಿ ಹೋದದ್ದು ಅದಕ್ಕೂ ಮುಂಚೆ. ಅಲ್ಲಿ 'ಹ್ಯಾಡ್ ಲೆಫ್ಟ್' ಎನ್ನುವುದೇ ಸರಿ. ಕನ್ನಡಿಗರಿಗೂ ಇದು ಅನ್ವಯಿಸುತ್ತದೆ. 'ನಿನ್ನೆ ದಿಲ್ಲಿಗೆ ಹೋಗಿದ್ದೆ' ಎಂದು ನಾವೂ ಹೇಳುವುದರಿಂದ, ಹಿಂದಿಯವರು ಬೀಳುವ ಹಳ್ಳದಲ್ಲಿಯೇ ನಾವೂ ಬೀಳುತ್ತೇವೆ.

ಇನ್ನು ಮೂರು ವಾಕ್ಯಗಳನ್ನು ನೋಡಿ. ಕೂಗಿದಾಗ ಹುಡುಗ 'ಅಭೀ ಆಯಾ' ಎನ್ನುತ್ತಾನೆ. ರೂಪ ಭೂತಕಾಲದ್ದು, ಆದರೆ ಹುಡುಗ ಇನ್ನೂ ಬಂದಿಲ್ಲ. ನಾವೂ 'ಇದೋ ಬಂದೆ' ಎನ್ನುವುದಿಲ್ಲವೇ? ಇಂಗ್ಲಿಷಿನಲ್ಲಿ ಇದು 'ಐ ಆಮ್ ಕಮಿಂಗ್'. ಎರಡನೆಯದು, 'ಮೈಂ ದೋ ಸಾಲ್ ಸೇ ಯಹಾಂ ರಹತಾ ಹೂಂ'. ಹಿಂದಿಗೆ ವರ್ತಮಾನ ಸಾಕು. ಇಂಗ್ಲಿಷಿಗೆ ಅಂದಿನಿಂದ ಇಂದಿನವರೆಗೂ ಚಾಚುವ 'ಐ ಹ್ಯಾವ್ ಲಿವ್ಡ್ ಹಿಯರ್ ಫಾರ್ ಟೂ ಇಯರ್ಸ್' ಬೇಕು. ಮೂರನೆಯದು, 'ವಹ್ ಘರ್ ಮೇಂ ಹೋಗಾ'. ರೂಪ ಭವಿಷ್ಯತ್ತು, ಅರ್ಥ ಈಗಿನ ಊಹೆ, ಮನೆಯಲ್ಲಿದ್ದಾನು ಎಂದು. ಅದು 'ಹಿ ಮಸ್ಟ್ ಬಿ ಅಟ್ ಹೋಮ್'. 'ಕಲ್' ಎಂಬ ಪದವಂತೂ ನಿನ್ನೆಗೂ ಸಲ್ಲುತ್ತದೆ, ನಾಳೆಗೂ ಸಲ್ಲುತ್ತದೆ. ಕ್ರಿಯಾಪದವನ್ನು ಕೇಳುವವರೆಗೆ ಯಾವುದೆಂದು ತಿಳಿಯದು. ಕಾಲವೆಂಬುದು ಪ್ರತ್ಯಯದಲ್ಲಿ ಮಾತ್ರವೇ ಇರುವುದಿಲ್ಲ. ಇಡೀ ವಾಕ್ಯದಲ್ಲಿ ಹರಡಿಕೊಂಡಿರುತ್ತದೆ.

ಪದಗಳ ಆಯ್ಕೆಯದೂ ಇದೇ ಕಥೆ. 1879ರಲ್ಲಿ ಕಾಶಿಯಲ್ಲಿ ಪ್ರಕಟವಾದ ಫ್ಯಾಲನ್‌ನ ಹಿಂದೂಸ್ತಾನಿ-ಇಂಗ್ಲಿಷ್ ನಿಘಂಟು ಇಲ್ಲಿ ನೆನೆಯತಕ್ಕದ್ದು. ಅವನು ಗ್ರಂಥಗಳ ಮಾತಿನಷ್ಟಕ್ಕೆ ನಿಲ್ಲದೆ, ಹೆಂಗಸರ ಆಡುಮಾತು, ಹಳ್ಳಿಯ ಹಾಡು, ಗಾದೆಗಳಿಂದಲೂ ಪದಗಳನ್ನು ಆಯ್ದುಕೊಂಡನು. ಪದದ ಅರ್ಥ ಅದು ಬಾಳುವ ಮನೆಯಲ್ಲಿದೆಯೆಂದು ಅವನು ಅರಿತಿದ್ದನು. 'ಜೂಠಾ' ಎಂಬ ಪದವನ್ನೇ ನೋಡಿ. ನಮಗೆ 'ಎಂಜಲು' ಎಂದರೆ ಮುಗಿಯಿತು. ಇಂಗ್ಲಿಷಿನವನಿಗೆ ಅಂಥ ಒಂದು ಪದವಿಲ್ಲ. ಉಂಡು ಮಿಕ್ಕದ್ದು ಎಂದು ತಿರುಗಿಸಿದರೆ ಅನ್ನ ಉಳಿಯುತ್ತದೆ, ಮೈಲಿಗೆ ಜಾರಿಹೋಗುತ್ತದೆ. ಪ್ರೇಮಚಂದರ 'ಗೋದಾನ' 1936ರಲ್ಲಿ ಹೊರಬಂದಿತು. 1957ರಲ್ಲಿ ಜೈ ರತನ್ ಮತ್ತು ಪಿ. ಲಾಲ್ ಇಂಗ್ಲಿಷಿಗೆ ತಂದಾಗ ಹೆಸರನ್ನು ಹಾಗೆಯೇ ಉಳಿಸಿದರು. 1968ರಲ್ಲಿ ಗಾರ್ಡನ್ ರೋಡಾರ್ಮೆಲ್ ಅದಕ್ಕೆ 'ದಿ ಗಿಫ್ಟ್ ಆಫ್ ಎ ಕೌ' ಎಂದು ಹೆಸರಿಟ್ಟರು. ಎರಡಕ್ಕೂ ಕಾರಣವುಂಟು. ಆದರೆ ಹಸುವಿಗಾಗಿ ಹಂಬಲಿಸಿ ಪ್ರಾಣಬಿಡುವ ಹೋರಿಯ ಹೆಸರಿನಲ್ಲಿ, ಅವನ ಹೆಂಡತಿ ಮನೆಯಲ್ಲಿದ್ದ ಇಪ್ಪತ್ತಾಣೆಯನ್ನೇ ಗೋದಾನವೆಂದು ಕೊಡುವ ಆ ಕೊನೆಯನ್ನು ಓದಿದವರಿಗೆ, 'ದಾನ'ವೂ 'ಗಿಫ್ಟ'ೂ ಒಂದೇ ಅಲ್ಲವೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಇದೆಲ್ಲ ಪಂಡಿತರ ಚರ್ಚೆ, ಇದರಿಂದ ನಮಗೇನು ಎಂದು ಕೇಳುವವರಿಗೆ ನಮ್ಮ ಸಂವಿಧಾನದ 348ನೆಯ ಅನುಚ್ಛೇದವೇ ಉತ್ತರ. ರಾಜ್ಯದ ವಿಧಾನಮಂಡಲವು ಇಂಗ್ಲಿಷಲ್ಲದ ಭಾಷೆಯಲ್ಲಿ ಕಾನೂನು ಮಾಡಿದರೆ, ರಾಜ್ಯಪಾಲರ ಅಧಿಕಾರದಿಂದ ಗೆಜೆಟ್ಟಿನಲ್ಲಿ ಪ್ರಕಟವಾಗುವ ಇಂಗ್ಲಿಷ್ ಭಾಷಾಂತರವನ್ನೇ ಅಧಿಕೃತ ಪಾಠವೆಂದು ಎಣಿಸಬೇಕೆಂದು ಅದು ವಿಧಿಸುತ್ತದೆ. ಉತ್ತರ ಪ್ರದೇಶ ಮೊದಲಾದ ರಾಜ್ಯಗಳ ಹಿಂದಿಯ ಕಾಯಿದೆಗಳಿಗೆ ಇದು ಅನ್ವಯಿಸುತ್ತದೆ. ನಮ್ಮ ವಿಧಾನಮಂಡಲದ ಕನ್ನಡ ಕಾಯಿದೆಗಳಿಗೂ ಅಷ್ಟೆ. ಕಾನೂನಿನ ಹಿಂದಿಯಲ್ಲಿ 'ಕರೇಗಾ' ಎಂದರೆ ಮಾಡತಕ್ಕದ್ದು. 'ಕರ್ ಸಕೇಗಾ' ಎಂದರೆ ಮಾಡಬಹುದು. ಇಂಗ್ಲಿಷಿನಲ್ಲಿ ಒಂದು 'ಶಲ್', ಇನ್ನೊಂದು 'ಮೇ'. ಅಧಿಕಾರಿಯು ರೈತನಿಗೆ ನೋಟೀಸು ಕೊಡತಕ್ಕದ್ದೋ, ಕೊಡಬಹುದೋ? ಈ ಎರಡರ ನಡುವೆ ಒಬ್ಬನ ಹೊಲ ಉಳಿಯಲೂಬಹುದು, ಹೋಗಲೂಬಹುದು. ಫೋರ್ಟ್ ವಿಲಿಯಂನಲ್ಲಿ ಭಾಷಾಂತರ ತಪ್ಪಿದರೆ ಪರೀಕ್ಷೆಯಲ್ಲಿ ಅಂಕ ಹೋಗುತ್ತಿತ್ತು; ಇಲ್ಲಿ ಹೋಗುವುದು ನ್ಯಾಯ.

ಆದುದರಿಂದ ನಿಮ್ಮ ಮನೆಯ ಮಕ್ಕಳು ಹಿಂದಿಯ ವಾಕ್ಯವನ್ನು ಇಂಗ್ಲಿಷಿಗೆ ತಿರುಗಿಸಲು ಕುಳಿತಾಗ, 'ಥಾ'ಕ್ಕೆ ಏನು, 'ಹೋಗಾ'ಕ್ಕೆ ಏನು ಎಂದು ಮೊದಲು ಕೇಳಬೇಡಿ. ಕೆಲಸ ಯಾವಾಗ ನಡೆಯಿತು, ಮುಗಿಯಿತೋ ಇಲ್ಲವೋ, ಹೇಳುವವನು ಕಂಡದ್ದನ್ನು ಹೇಳುತ್ತಿದ್ದಾನೋ ಊಹಿಸುತ್ತಿದ್ದಾನೋ, ಇಷ್ಟನ್ನು ಕನ್ನಡದಲ್ಲಿಯೇ ಕೇಳಿರಿ. ಮಗು ಉತ್ತರ ಹೇಳಿತೆಂದರೆ ಭಾಷಾಂತರದ ಮುಕ್ಕಾಲು ಪಾಲು ಮುಗಿದಂತೆಯೇ. ಉಳಿದ ಕಾಲುಪಾಲಿಗೆ ವ್ಯಾಕರಣದ ಪುಸ್ತಕವನ್ನು ಧಾರಾಳವಾಗಿ ತೆರೆಯಬಹುದು.